ಸೋಲಾರ್, ಹಳ್ಳದ ಟರ್ಬೈನ್, ಗೋಬರ್ ಗ್ಯಾಸ್: ಮಲೆನಾಡಿನ ಒಂದು ಮನೆಯ ದೀರ್ಘ ಬಳಕೆಯ ಅನುಭವ

ಶಿರಸಿ ಕಡೆಯ ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್, ಹಳ್ಳದ ನೀರಿನಿಂದ ತಿರುಗುವ ಕಿರು ಟರ್ಬೈನ್ ಮತ್ತು ಚಾವಣಿಯ ಮೇಲಿನ 3 ಕಿಲೋವ್ಯಾಟ್ ಸೋಲಾರ್, ಈ ಮೂರನ್ನೂ ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇವೆ. ಇವುಗಳಲ್ಲಿ ಯಾವುದನ್ನು ಹಾಕಿಸಬೇಕೆಂದು ಕೇಳುವವರಿಗೆ, ಮೊದಲು ಮನೆಯ ಫ್ಯಾನುಗಳನ್ನು ಬದಲಿಸಿ ಎಂದೇ ಹೇಳುತ್ತೇನೆ.

ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಬ್ರಷ್ ಇಲ್ಲದ ಡಿಸಿ ಮೋಟಾರಿನ, ಅಂದರೆ ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಯನ್ನು 30 ವ್ಯಾಟ್‌ನ ಆಸುಪಾಸಿನಲ್ಲಿ ಕೊಡುತ್ತದೆ. ಐದು ಫ್ಯಾನು ದಿನಕ್ಕೆ ಹತ್ತು ತಾಸು ತಿರುಗಿದರೆ ಎರಡೂಕಾಲು ಯೂನಿಟ್ ಉಳಿಯುತ್ತದೆ. 1 ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ ಕೊಡುವುದು ನಾಲ್ಕು ಯೂನಿಟ್ ಎಂಬುದನ್ನು ನೆನೆದರೆ, ಬರೀ ಫ್ಯಾನು ಬದಲಿಸಿದ್ದರಿಂದಲೇ ಅರ್ಧ ಕಿಲೋವ್ಯಾಟ್‌ಗೂ ಹೆಚ್ಚಿನ ಪ್ಯಾನೆಲ್ ಹಾಕಿಸಿದಷ್ಟು ಲಾಭವಾಗುತ್ತದೆ. ಪ್ಯಾನೆಲ್ ಕೆಲಸ ಮಾಡದ ರಾತ್ರಿಯಲ್ಲೂ ಈ ಉಳಿತಾಯ ನಡೆದೇ ಇರುತ್ತದೆ.

ಸೋಲಾರ್ ಬಗ್ಗೆ ನನ್ನ ಅಭಿಪ್ರಾಯ ಒಟ್ಟಿನಲ್ಲಿ ಒಳ್ಳೆಯದೇ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದು ಮನೆಯ ಬಳಕೆಯನ್ನು ಮೀರಿ ಉತ್ಪಾದಿಸುತ್ತದೆ, ಹೆಚ್ಚಾದದ್ದು, ಬಂದ ಕರೆಂಟನ್ನೂ ಹೋದ ಕರೆಂಟನ್ನೂ ಅಳೆಯುವ ನೆಟ್ ಮೀಟರಿನ ಮೂಲಕ ಲೈನಿಗೆ ಹೋಗುತ್ತದೆ. ಆದರೆ ಆಷಾಢದ ಜಡಿಮಳೆಯಲ್ಲಿ ಬಿಸಿಲುಗಾಲದ ಕಾಲುಭಾಗವೂ ಸಿಗದ ದಿನಗಳಿವೆ. ಪ್ಯಾನೆಲ್‌ನ ಕೆಳ ಅಂಚಿನ ಚೌಕಟ್ಟಿನ ಬಳಿ ನೀರು ನಿಂತು ಬೆರಳಗಲದ ಪಾಚಿ ಕಟ್ಟುತ್ತದೆ, ಅದನ್ನು ಮೆತ್ತನೆಯ ಬಟ್ಟೆಯಿಂದ ಉಜ್ಜಿ ತೆಗೆಯಬೇಕು. ತೆಂಗಿನ ಒಂದು ಹೆಡೆಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ. ಹಾಕಿಸುವವರಿಗೆ ಯಾರೂ ಒತ್ತಿ ಹೇಳದ ಇನ್ನೊಂದು ಸಂಗತಿಯಿದೆ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂದು ಮಾಡಿದ ವ್ಯವಸ್ಥೆ ಅದು, ಸರಿಯಾದದ್ದೇ. ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಇದನ್ನು ತಿಳಿದೇ ಖರೀದಿಸಬೇಕು.

ಆ ದಿನಗಳಲ್ಲಿ ಮನೆಯನ್ನು ಬೆಳಗುವುದು ಟರ್ಬೈನ್. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಅದರಲ್ಲಿ ಸುಮಾರು 1,960 ವ್ಯಾಟ್ ಶಕ್ತಿ ಇರುತ್ತದೆ. ಪೈಪು, ಚಕ್ರ, ಜನರೇಟರುಗಳಲ್ಲಿ ಅರ್ಧದಷ್ಟು ಕಳೆದರೂ ಸುಮಾರು 1 ಕಿಲೋವ್ಯಾಟ್ ಕೈಗೆ ಬರುತ್ತದೆ. ಇದು ಹಗಲು ರಾತ್ರಿ ಒಂದೇ ಸಮನೆ ತಿರುಗುವುದರಿಂದ ದಿನಕ್ಕೆ 24 ಯೂನಿಟ್ ಆಗುತ್ತದೆ. ಅದರ ಮೂರು ಪಟ್ಟು ಸಾಮರ್ಥ್ಯದ ನಮ್ಮ ಸೋಲಾರ್ ಉತ್ತಮ ಬಿಸಿಲಿನಲ್ಲೂ ಕೊಡುವುದು ಇದರ ಅರ್ಧದಷ್ಟು ಮಾತ್ರ. ಉಪಯೋಗಿಸದೆ ಉಳಿದ ಕರೆಂಟನ್ನು ನಿಯಂತ್ರಕ ಪೆಟ್ಟಿಗೆಯು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ, ಇಲ್ಲದಿದ್ದರೆ ಹೊರೆ ತಪ್ಪಿದ ಚಕ್ರದ ವೇಗ ಮಿತಿಮೀರಿ ವೋಲ್ಟೇಜ್ ಏರುತ್ತದೆ. ನಾವು ಆ ಕಾಯಿಲ್ ಅನ್ನು ಸ್ನಾನದ ನೀರಿನ ಟ್ಯಾಂಕಿಗೆ ಇಳಿಸಿದ್ದೇವೆ. ನೂರು ಲೀಟರ್ ನೀರನ್ನು 30 ಡಿಗ್ರಿ ಹೆಚ್ಚು ಬಿಸಿ ಮಾಡಲು ಮೂರೂವರೆ ಯೂನಿಟ್ ಬೇಕು, ಹಾಗಾಗಿ ಮಳೆಗಾಲದಲ್ಲಿ ಬಚ್ಚಲ ಒಲೆಯ ಸೌದೆಯ ಖರ್ಚು ಬಹುಮಟ್ಟಿಗೆ ನಿಂತಿದೆ.

ಟರ್ಬೈನ್‌ಗೆ ದುಡಿಮೆಯೂ ಬೇಕು. ಹಳ್ಳದಿಂದ ಪೈಪಿಗೆ ನೀರು ಇಳಿಯುವ ಬಾಯಿಗೆ ಕಟ್ಟಿದ ಜಾಲರಿಗೆ ಎಲೆ, ಕಡ್ಡಿ ತುಂಬಿಕೊಂಡರೆ ನೀರು ಕಡಿಮೆಯಾಗಿ ದೀಪ ಮಂಕಾಗುತ್ತದೆ. ಜೋರು ಮಳೆಯ ದಿನ ಕೊಡೆ ಹಿಡಿದು ಗುಡ್ಡ ಹತ್ತಿ ಅದನ್ನು ಬಳಿಯಲೇಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ಹಳ್ಳ ಬತ್ತುತ್ತದೆ, ಯಂತ್ರ ನಿಲ್ಲುತ್ತದೆ, ಸರಿಯಾಗಿ ಆಗ ಸೋಲಾರ್ ಚುರುಕಾಗುತ್ತದೆ. ಮಲೆನಾಡಿಗೆ ಈ ಜೋಡಿಯಷ್ಟು ಹೊಂದುವ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ. ಗದಗ, ಚಿತ್ರದುರ್ಗದ ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುವ ಗಾಳಿಯಂತ್ರಕ್ಕೆ ಗುಡ್ಡ, ಮರಗಳ ನಡುವಿನ ನಮ್ಮ ಕಣಿವೆ ತಕ್ಕ ಜಾಗವಲ್ಲ.

ಗೋಬರ್ ಗ್ಯಾಸ್ ಅಡುಗೆಮನೆಯ ಕೆಲಸಕ್ಕೆ ಮೀಸಲು. ನಮ್ಮದು 2 ಘನ ಮೀಟರಿನ ದೀನಬಂಧು ಮಾದರಿ, ಅಂದರೆ ನೆಲದೊಳಗೆ ಕಟ್ಟುವ ಗುಮ್ಮಟದಂಥ ತೊಟ್ಟಿ. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಪೂರ್ತಿ ಹಾಕಿದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಸಮೀಪದ ಅನಿಲ ಸಿಗುತ್ತದೆ, ತೊಟ್ಟಿಯಿಂದ ಹೊರಬರುವ ಸಗಣಿ ರಾಡಿ, ಅಂದರೆ ಸ್ಲರಿ, ಅಡಿಕೆ ಮರಗಳ ಬುಡಕ್ಕೆ ಹೋಗುತ್ತದೆ. ಚಳಿಯಲ್ಲಿ ಅನಿಲ ಇಳಿಯುತ್ತದೆ. ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ಸೇರಿದೆ ಎಂದರ್ಥ, ಅದನ್ನು ಹೊರಬಿಟ್ಟರೆ ಸರಿಹೋಗುತ್ತದೆ. ಕೊಟ್ಟಿಗೆಯಲ್ಲಿ ದನಗಳಿಲ್ಲದವರು ಇದರ ಗೊಡವೆಗೆ ಹೋಗದಿರುವುದು ಲೇಸು.

ಟರ್ಬೈನ್ ಹಾಕಿಸುವ ಆಲೋಚನೆಯಿರುವವರು ನವೆಂಬರ್, ಡಿಸೆಂಬರ್‌ನಲ್ಲಿ ಹಳ್ಳದ ನೀರನ್ನು ಅಳೆಯಬೇಕು. ನೀರನ್ನು ಒಂದು ಪೈಪಿಗೆ ತಿರುಗಿಸಿ ಹಿಡಿದಾಗ 20 ಲೀಟರಿನ ಬಕೆಟ್ ಎರಡು ಸೆಕೆಂಡಿನಲ್ಲಿ ತುಂಬಿದರೆ ಮೇಲೆ ಹೇಳಿದ ಲೆಕ್ಕ ಹೊಂದುತ್ತದೆ. ಸೋಲಾರ್‌ಗೆ 2024ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ₹78,000 ಸಹಾಯಧನವಿದೆ. ಅದಕ್ಕಿಂತ ದೊಡ್ಡದನ್ನು ಹಾಕಿಸಿದರೂ ಈ ಮೊತ್ತ ಏರುವುದಿಲ್ಲ. ನಮ್ಮ ಮನೆಗೆ 5 ಕಿಲೋವ್ಯಾಟ್ ಬೇಕಾದೀತೆಂಬ ಅಂದಾಜು ಮೊದಲಿಗೆ ಬಂದಿತ್ತು. ಫ್ಯಾನು, ಬಲ್ಬುಗಳನ್ನು ಬದಲಿಸಿ, ಹಳೆಯ ಫ್ರಿಜ್ ತೆಗೆದ ಮೇಲಿನ ಬಿಲ್ಲುಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ 3 ಸಾಕಾಯಿತು.