ರೆನಂಕ್ಯುಲಸ್ ಗೆಡ್ಡೆ: ಒಣಗಿದ್ದಂತೆಯೇ ನೆಡುವುದೋ, ನೆನೆಸಿ ನೆಡುವುದೋ, ಮೊಳಕೆ ಬರಿಸಿ ನೆಡುವುದೋ?

ತೆಳುವಾದ ಎಸಳುಗಳು ಪದರ ಪದರವಾಗಿ ಬಿಚ್ಚಿಕೊಳ್ಳುವ ರೆನಂಕ್ಯುಲಸ್ ಹೂವು ಈಗ ಬೆಂಗಳೂರಿನ ತಾರಸಿ ತೋಟಗಳಲ್ಲೂ ಕಾಣಿಸುತ್ತಿದೆ. ಇದರ ತವರು ಪೂರ್ವ ಮೆಡಿಟರೇನಿಯನ್ ತೀರ ಮತ್ತು ನೈಋತ್ಯ ಏಷ್ಯಾ. ಅಲ್ಲಿ ಚಳಿಗಾಲದಲ್ಲಿ ಮಳೆ ಬರುತ್ತದೆ, ಬೇಸಿಗೆ ಪೂರ್ತಿ ಒಣಗಿರುತ್ತದೆ. ನಮ್ಮಲ್ಲಾದರೋ ಗೆಡ್ಡೆಗಳು ಮಾರಾಟಕ್ಕೆ ಬರುವ ಅಕ್ಟೋಬರ್‌ನಲ್ಲಿ ಮಳೆ ಜೋರಾಗಿಯೇ ಇರುತ್ತದೆ, ಫೆಬ್ರುವರಿ ಮುಗಿಯುವಷ್ಟರಲ್ಲಿ ಬಿಸಿಲು ಏರಿ ಎಲೆಗಳು ಹಳದಿಯಾಗತೊಡಗುತ್ತವೆ. ನೆಟ್ಟಲ್ಲಿಂದ ಹೂವಾಗಲು ಸುಮಾರು ಮೂರು ತಿಂಗಳು ಬೇಕಾಗುವುದರಿಂದ, ಈ ಎರಡರ ನಡುವೆ ಸಿಗುವ ತಂಪಿನ ದಿನಗಳಲ್ಲಿ ಒಂದು ವಾರ ಕಳೆದುಕೊಂಡರೂ ಅದು ಹೂವಿನ ಲೆಕ್ಕದಲ್ಲಿ ಕಾಣುತ್ತದೆ. ಆದ್ದರಿಂದಲೇ ಒಂದೇ ಕಂತಿನಲ್ಲಿ ತರಿಸಿದ ಗೆಡ್ಡೆಗಳನ್ನು ಮೂರು ಪಾಲು ಮಾಡಿ, ಒಂದೇ ಬಗೆಯ ಮಣ್ಣಿನಲ್ಲಿ ಮೂರು ವಿಧಾನಗಳಿಂದ ಬೆಳೆಸಿ ನೋಡಿದೆ.

ಒಣ ಗೆಡ್ಡೆಯನ್ನು ನೇರವಾಗಿ ನೆಡುವುದು ಅತ್ಯಂತ ಸುಲಭ. ಉಗುರುಗಳಂತಿರುವ ಬೇರುಗಳನ್ನು ಕೆಳಮುಖವಾಗಿರಿಸಿ, 5 ಸೆಂಟಿಮೀಟರ್ ಆಳದಲ್ಲಿ ಹೂತು ನೀರು ಹಾಕಿದರೆ ಕೆಲಸ ಮುಗಿಯಿತು. ಆದರೆ ಗಟ್ಟಿಯಾಗಿ ಒಣಗಿದ ಗೆಡ್ಡೆ ಮಣ್ಣಿನ ತೇವವನ್ನು ಹೀರಿಕೊಳ್ಳುವ ವೇಗ ಒಂದೊಂದರಲ್ಲಿ ಒಂದೊಂದು ರೀತಿ ಇರುವುದರಿಂದ, ಕೆಲವು ಬೇಗ ಚಿಗುರಿ, ಉಳಿದವು ಬಹಳ ತಡವಾಗಿ ತಲೆ ಎತ್ತಿದವು. ಹಾಗೆ ತಡವಾದವು ಮೊಗ್ಗು ಬಿಡುವ ಹೊತ್ತಿಗೆ ಸೆಕೆ ಶುರುವಾಗಿತ್ತು. ದೀರ್ಘ ಚಳಿಗಾಲವಿರುವ ಊರುಗಳಿಗೆ ಇದು ಒಪ್ಪಬಹುದು, ಬಯಲುಸೀಮೆಗೆ ಒಪ್ಪುವುದಿಲ್ಲ.

ಎರಡನೆಯದು, ಗೆಡ್ಡೆಗಳನ್ನು ಮೂರು ನಾಲ್ಕು ಗಂಟೆ ತಣ್ಣೀರಿನಲ್ಲಿ ನೆನೆಸಿ, ಅವು ಉಬ್ಬಿದ ಕೂಡಲೇ ಕುಂಡದಲ್ಲಿ ನೆಡುವುದು. ರಾತ್ರಿಯಿಡೀ ನೆನೆಯಲು ಬಿಡಬಾರದು. ಗಾಳಿ ಸಿಗದೆ ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ. ಈ ವಿಧಾನದಲ್ಲಿ ಚಿಗುರು ಹೆಚ್ಚು ಸಮವಾಗಿ ಬಂದಿತಾದರೂ, ನೀರು ಕುಡಿದ ಗೆಡ್ಡೆಯ ಮೇಲೆ ಅಕ್ಟೋಬರ್ ಮಳೆಯೂ ಬಿದ್ದ ಕುಂಡಗಳಲ್ಲಿ ಕೊಳೆತವೇ ಹೆಚ್ಚು. ಮಣ್ಣಿನೊಳಗೆ ನಡೆಯುವ ಕೊಳೆತ ಹೊರಗೆ ಕಾಣುವುದಿಲ್ಲ ಎಂಬುದು ಇದರ ದೊಡ್ಡ ತೊಡಕು: ಏನೂ ಇಲ್ಲದ ಕುಂಡಕ್ಕೆ ವಾರಗಟ್ಟಲೆ ನೀರು ಹಾಕುತ್ತಿರುತ್ತೇವೆ.

ಮೂರನೆಯ ವಿಧಾನ ಈ ತೊಡಕನ್ನೇ ನಿವಾರಿಸುತ್ತದೆ. ನೆನೆಸಿದ ಗೆಡ್ಡೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಡುವೆ ಹರಡಿ, ತಂಪಾದ ಜಾಗದಲ್ಲಿಡಬೇಕು. ಮೊಳಕೆಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಹಿತ. ಆ ತಿಂಗಳಲ್ಲಿ ಬೆಂಗಳೂರಿನ ಯಾವ ಕೋಣೆಯೂ ಅಷ್ಟು ತಂಪಾಗಿರುವುದಿಲ್ಲವಾದ್ದರಿಂದ ಫ್ರಿಜ್‌ನ ತರಕಾರಿ ಖಾನೆಯನ್ನೇ ಬಳಸಿದೆ. ಆಗಾಗ ಮುಚ್ಚಳ ತೆಗೆದು ಗಾಳಿಯಾಡಿಸಿ, ಬೂಷ್ಟು ಹಿಡಿದವನ್ನು ತೆಗೆದುಹಾಕುತ್ತಿದ್ದರೆ, ಸುಮಾರು ಎರಡು ವಾರಗಳಲ್ಲಿ ಬಿಳಿಯ ಎಳೆಬೇರುಗಳು ಹೊರಡುತ್ತವೆ. ಯಾವುದು ಬದುಕಿದೆ, ಯಾವುದು ಇಲ್ಲ ಎಂಬುದು ನೆಡುವ ಮೊದಲೇ ಕಣ್ಣಿಗೆ ಕಾಣುತ್ತದೆ. ಅಷ್ಟರಲ್ಲಿ ಮಳೆಯ ಕಾಟವೂ ಕಡಿಮೆಯಾಗಿರುತ್ತದೆ. ನವೆಂಬರ್‌ನಲ್ಲಿ ಹೀಗೆ ನೆಟ್ಟ ಗಿಡಗಳೆಲ್ಲ ಬಹುತೇಕ ಒಟ್ಟಿಗೇ ಬೆಳೆದು, ಉಳಿದೆರಡು ಪಾಲಿಗಿಂತ ಮೊದಲು ಹೂಬಿಟ್ಟವು. ಇದರಲ್ಲಿ ಶ್ರಮವಿದೆ ನಿಜ. ಎಳೆಬೇರು ಬಹಳ ಸುಲಭವಾಗಿ ಮುರಿಯುತ್ತದೆ, ಚಿಗುರು ಕತ್ತಲಲ್ಲಿ ಬಿಳಿಚಿಕೊಂಡು ಉದ್ದವಾಗುವ ಮುನ್ನ ನೆಡಲೇಬೇಕು. ಆದರೂ ನಮ್ಮ ಹವೆಗೆ ಇದೇ ಸರಿ ಎಂದು ಖಚಿತವಾಗಿ ಹೇಳುತ್ತೇನೆ. ಫ್ರಿಜ್‌ನಲ್ಲಿ ಜಾಗವಿಲ್ಲದವರು ಮಳೆ ನಿಲ್ಲುವವರೆಗೆ ಗೆಡ್ಡೆಗಳನ್ನು ಒಣಗಿದ್ದಂತೆಯೇ ಇಟ್ಟುಕೊಂಡು, ಆಮೇಲೆ ಎರಡನೆಯ ವಿಧಾನವನ್ನು ಅನುಸರಿಸಬಹುದು.

ಕುಂಡದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗುತ್ತಾ ಬೇರು ತಂಪಾಗಿರುತ್ತದೆ. ಗಿಡ ಬೆಳೆಸುವ ಕಪ್ಪು ಚೀಲ, ಅಂದರೆ ಗ್ರೋಬ್ಯಾಗ್, ಮಧ್ಯಾಹ್ನದ ಬಿಸಿಲಿಗೆ ಕಾದು ಬಿಸಿಯಾಗುತ್ತದೆ. ಗ್ರೋಬ್ಯಾಗೇ ಇದ್ದರೆ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡುವುದು ಒಳ್ಳೆಯದು. ಗಿಡದ ರಸ ಚರ್ಮಕ್ಕೆ ಉರಿ ತರಬಲ್ಲದು, ನಾಯಿ ಬೆಕ್ಕುಗಳು ತಿಂದರೆ ವಿಷ. ಹೂ ಕೊಯ್ಯುವಾಗಲೂ ಕುಂಡ ಇಡುವ ಜಾಗ ಆರಿಸುವಾಗಲೂ ಇದು ನೆನಪಿರಲಿ.

ಸಣ್ಣ ಗೆಡ್ಡೆಗಿಂತ ದಪ್ಪ ಗೆಡ್ಡೆಗೆ ಬೆಲೆ ಹೆಚ್ಚು. ಆದರೆ ದಪ್ಪ ಗೆಡ್ಡೆಯಿಂದ ಹೂದಂಟುಗಳೂ ಹೆಚ್ಚು ಬರುವುದರಿಂದ, ನಾಲ್ಕೈದು ಕುಂಡಗಳಷ್ಟೇ ಇರುವವರು ಅದನ್ನೇ ಕೊಳ್ಳುವುದು ಲಾಭಕರ. ಹೂವು ಮುಗಿದ ಮೇಲೆ ಗೆಡ್ಡೆಗಳನ್ನು ಅಗೆದು, ನೆರಳಿನಲ್ಲಿ ಒಣಗಿಸಿ, ಕಾಗದದ ಚೀಲದಲ್ಲಿಟ್ಟು ಮುಂದಿನ ವರ್ಷ ಹೊಸ ಗೆಡ್ಡೆಗಳ ಪಕ್ಕದಲ್ಲೇ ನೆಟ್ಟೂ ನೋಡಿದ್ದೇನೆ. ಬಿಸಿಲಿಗೆ ಸಿಕ್ಕಿ ಬೇಗನೆ ಎಲೆ ಕಳೆದುಕೊಂಡ ಗಿಡದ ಗೆಡ್ಡೆ ಹೆಚ್ಚು ದಪ್ಪವಾಗಿರುವುದಿಲ್ಲ, ಮಳೆಗಾಲದ ತೇವಕ್ಕೆ ಅವುಗಳಲ್ಲಿ ಎಷ್ಟೋ ಬೂಷ್ಟು ಹಿಡಿದಿದ್ದವು, ಉಳಿದವು ಬಿಟ್ಟ ಹೂವೂ ಚಿಕ್ಕದು. ಹಾಗಾಗಿ ಈಗ ಪ್ರತಿವರ್ಷವೂ ಹೊಸ ಗೆಡ್ಡೆಗಳನ್ನೇ ತರಿಸುತ್ತೇನೆ.