ಧಾರವಾಡದಿಂದ ಕುಂದಗೋಳಕ್ಕೆ: ಹಾಡು ಬೆಳೆದ ಮನೆಗಳನ್ನು ನೋಡಿ ಬಂದ ಬಗೆ

ಹಿಂದೂಸ್ತಾನಿ ಸಂಗೀತದಲ್ಲಿ ಧಾರವಾಡದ ಹೆಸರು ಎಷ್ಟು ದೊಡ್ಡದೋ, ಆ ಹೆಸರನ್ನು ತಂದುಕೊಟ್ಟ ಜಾಗಗಳು ಅಷ್ಟೇ ಸಾದಾ. ಇಲ್ಲಿ ದರ್ಬಾರು ಹಾಲನ್ನಾಗಲಿ ಕಮಾನುಗಳ ಸಭಾಗೃಹವನ್ನಾಗಲಿ ಹುಡುಕಬಾರದು. ನೋಡಬೇಕಾದವು ಹೆಚ್ಚಾಗಿ ಮನೆಗಳು. ಕಳೆದ ಚಳಿಗಾಲದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಅಂಥ ಮನೆಗಳನ್ನು ನೋಡಿ ಬಂದೆ. ಸಂಗೀತವನ್ನು ಪ್ರೀತಿಸುವ ಯಾರಿಗೂ ಈ ಪ್ರವಾಸವನ್ನು ನಾನು ಮನಸಾರೆ ಸೂಚಿಸುತ್ತೇನೆ.

ಮೊದಲು ಹೋಗಬೇಕಾದದ್ದು ಧಾರವಾಡದಲ್ಲಿರುವ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ಕ್ಕೆ. ಅದು ಈಗ ಅವರ ಸ್ಮಾರಕ. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಅವರು, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗನಾಗಿದ್ದಾಗಲೇ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ (ಗಾಯನ ಪರಂಪರೆಯ) ತಾಲೀಮು ಪಡೆದು, ಆಮೇಲೆ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಶಿಷ್ಯರಾದರು. 1937ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಪದ್ಮಶ್ರೀ ಬಂದದ್ದು 1970ರಲ್ಲಿ, ಅಂದರೆ ಅರುವತ್ತನೆಯ ವಯಸ್ಸಿಗೆ. ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅವರು ನಮ್ಮನ್ನು ಅಗಲಿದ ವರ್ಷ. ದೇಶ ಗುರುತಿಸುವುದಕ್ಕೆ ಇಷ್ಟು ತಡವಾದರೂ ಧಾರವಾಡವನ್ನು ಬಿಡದೆ, ಕೇಳುವವರೇ ವಿರಳವಾದ ರಾಗಗಳನ್ನು ಅವರು ಕಾಪಾಡಿಕೊಂಡು ಬಂದರೆಂಬುದು ಆ ಮನೆಯೊಳಗೆ ನಿಂತಾಗ ಹೊಸದಾಗಿ ಮನಸ್ಸಿಗೆ ತಟ್ಟುತ್ತದೆ. ಹೋಗುವ ಮುಂಚೆ ಅವರು ಹಾಡಿದ ಶಿವಮತ ಭೈರವ ರಾಗವನ್ನೋ ಬಹಾದುರಿ ತೋಡಿ ರಾಗವನ್ನೋ ಪೂರ್ತಿಯಾಗಿ ಕೇಳಿಕೊಂಡು ಹೋಗಿ. ಕೇಳದೆ ಹೋದರೆ ಕಣ್ಣಿಗೆ ಕಾಣುವುದು ಹಳೆಯ ಫೋಟೊಗಳಷ್ಟೇ.

ಧಾರವಾಡದ್ದೇ ಆದ ಶುಕ್ರವಾರಪೇಟೆ ಗಾಯಕಿ ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ ಓಣಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ ಎರಡರ ಛಾಯೆ ಬೆರೆಯಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಓಣಿಯಲ್ಲಿ ನಡೆದರೆ ಸಾಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದ ಹುಡುಗಿಗೆ, ಜಾತಿಯ ಕಾರಣದಿಂದ ಎಲ್ಲಿ ಎಂಜಲೆಲೆ ಎತ್ತಲು ಹೇಳುತ್ತಾರೋ ಎಂಬ ಅಂಜಿಕೆಯಿತ್ತು. ಮುಂದೆ ಅವರೇ ಅದನ್ನು ನೆನೆದು ಹೇಳಿದ್ದಾರೆ. ಮಗಳ ಕಲಿಕೆಗಾಗಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಹುಬ್ಬಳ್ಳಿಯ ಮನೆ ‘ಗಂಗಾಲಹರಿ’ಯನ್ನೂ ಅದೇ ದಿನ ನೋಡಬಹುದು.

ಎರಡನೆಯ ದಿನವನ್ನು ಇಡಿಯಾಗಿ ಕುಂದಗೋಳಕ್ಕೇ ಕೊಡಬೇಕು. ಕಾರು ಬೇಡ, ಹುಬ್ಬಳ್ಳಿಯಿಂದ ರೈಲಿನಲ್ಲಿಯೇ ಹೋಗಿ. ಕುಂದಗೋಳದಲ್ಲಿದ್ದ ಗುರು ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಓಡಾಡಿದ್ದು ಇದೇ ಹಳಿಯ ಮೇಲೆ. ಇಂದು ಕಿಟಕಿಯ ಪಕ್ಕ ಕುಳಿತು ಸುಲಭವಾಗಿ ಮುಗಿಸುವ ಈ ದಾರಿಯನ್ನು, ಮನೆ ಮಕ್ಕಳ ಜವಾಬ್ದಾರಿ ಹೊತ್ತಿದ್ದ ಹೆಣ್ಣುಮಗಳೊಬ್ಬಳು ಮತ್ತೆ ಮತ್ತೆ ಸವೆಸಿದಳೆಂದು ನೆನೆದಾಗ, ಪುಸ್ತಕದಲ್ಲಿ ಓದಿದ ‘ಗುರುಭಕ್ತಿ’ ಎಂಬ ಮಾತಿಗೆ ನಿಜವಾದ ತೂಕ ಬಂತು. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆಂದು ಹೆಸರಾದ ಮೇಲೆ ಈ ಊರಿಗೆ ಮರಳಿ ಶಿಷ್ಯರನ್ನು ಬೆಳೆಸಿದರು. ಗುರುವನ್ನು ಅರಸುತ್ತ ಊರೂರು ಅಲೆದು ಬಂದ ಗದಗಿನ ಹುಡುಗ ಭೀಮಸೇನ ಜೋಶಿ ನೀರು ಹೊತ್ತು, ಸೇವೆ ಮಾಡಿ ಕಲಿತದ್ದೂ ಇಲ್ಲಿಯೇ. 1953ರಿಂದ ಪುಣೆಯಲ್ಲಿ ನಡೆಯುತ್ತ ಬಂದಿರುವ ಸವಾಯಿ ಗಂಧರ್ವ ಉತ್ಸವವನ್ನು ದೇಶವೆಲ್ಲ ಬಲ್ಲದು. ಅದರ ಬೇರು ಇರುವ ಈ ಊರನ್ನು ಬಲ್ಲವರು ಕಡಿಮೆ.

ಕುಂದಗೋಳದ ನಾಡಿಗೇರ ಮನೆತನದ ವಾಡೆ, ಅಂದರೆ ಹಳೆಯ ದೊಡ್ಡ ಮನೆ, ಇಡೀ ಪ್ರವಾಸದ ಮುಕುಟ. ಸಂಗೀತಗಾರರಿಗೆ ಆಶ್ರಯ ಕೊಟ್ಟ ಆ ಮನೆತನದ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಸಂಗೀತೋತ್ಸವ ನಡೆಯುತ್ತ ಬಂದಿದೆ. ಕೆಲವರು ಪುಣೆಯ ಬೃಹತ್ ಮಂಟಪವನ್ನೇ ಮೆಚ್ಚಬಹುದು, ಆದರೆ ಖಯಾಲಿನ (ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರದ) ಒಂದು ಸ್ವರ ನಿಂತು ಬೆಳೆಯುವುದನ್ನು ಕೇಳಲು ವಾಡೆಯಂಥ ಹತ್ತಿರದ ಜಾಗವೇ ತಕ್ಕುದೆಂಬುದು ನನ್ನ ಅಭಿಪ್ರಾಯ.

ಕೊರತೆಯನ್ನೂ ಹೇಳಲೇಬೇಕು. ನಾನು ಹೋದ ಒಂದು ಜಾಗದಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು, ತೆರೆಯುವ ಸಮಯವನ್ನು ತಿಳಿಸುವ ಫಲಕವೂ ಇರಲಿಲ್ಲ. ಇನ್ನೊಂದರಲ್ಲಿ ಫೋಟೊ, ಪ್ರಶಸ್ತಿ ಎಲ್ಲವೂ ಇದ್ದವು, ಹಾಡು ಮಾತ್ರ ಇರಲಿಲ್ಲ. ಗಾಯಕರ ಸ್ಮಾರಕವೊಂದು ಮೌನವಾಗಿರುವುದು ನನಗೆ ತುಂಬ ನೋವಿನ ವಿಷಯ. ಒಂದು ಸಣ್ಣ ಸ್ಪೀಕರು, ಹತ್ತು ಒಳ್ಳೆಯ ಧ್ವನಿಮುದ್ರಣಗಳು ಸಾಕಾಗುತ್ತವೆ. ಊರಿನ ಮುಖ್ಯ ರಸ್ತೆಗಳಲ್ಲಿ ಈ ಮನೆಗಳಿಗೆ ದಾರಿ ತೋರುವ ಫಲಕಗಳೂ ನನ್ನ ಕಣ್ಣಿಗೆ ಬೀಳಲಿಲ್ಲ, ಹೆಚ್ಚಿನ ಕಡೆ ಕೇಳಿಕೊಂಡೇ ಹೋದೆ. ಕೇಳಿದವರೆಲ್ಲ ನಿಂತು, ತಾಳ್ಮೆಯಿಂದ ದಾರಿ ಹೇಳಿದರು.

ಒಂದೇ ದಿನ ಇರುವವರು ಧಾರವಾಡದ ಮನೆಗಳನ್ನು ಬೆಳಿಗ್ಗೆಯೇ ಮುಗಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಕುಂದಗೋಳ ಸೇರಿಕೊಳ್ಳಲಿ. ಸಾಧ್ಯವಾದರೆ ವಾಡೆಯ ಉತ್ಸವದ ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡು ಅದಕ್ಕೆ ಹೊಂದಿಸಿಯೇ ಹೊರಡಲಿ.