ನಾಣ್ಯ ಕ್ಲಬ್ಬಿಗೆ ಪುಕ್ಕಟೆ ಸಂಶೋಧನೆ ಮಾಡಿಕೊಡುವವರೇ, ಕ್ಲಬ್ ಕೈ ಬದಲಾಗುವ ಮುಂಚೆ ಇದನ್ನು ಓದಿ

ನನ್ನ ಪಟ್ಟಿಯ ಷರಾ ಕಾಲಂ ಅಳಿಸಿಹಾಕಿದ್ದಾರೆ, ಕ್ಲಬ್ಬಿನ ಹೊಸ ಯಜಮಾನರು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು, ಇವುಗಳ ಪಟ್ಟಿ ಅದು. ಹೆಸರು, ಟಂಕಸಾಲೆ, ಇಸವಿ, ತೂಕ, ವ್ಯಾಸ, ಚಿತ್ರ, ಕೊನೆಗೆ ಷರಾ. ಕ್ಲಬ್ಬಿನ ಸದಸ್ಯರ ಉಪಯೋಗಕ್ಕೆ ಅಂತ ಬಿಡಿಗಾಸು ತೆಗೆದುಕೊಳ್ಳದೆ ಮಾಡಿದ್ದು. ಈಗ ಅದೇ ಪಟ್ಟಿ ಹರಾಜಿನ ಕ್ಯಾಟಲಾಗ್ ಆಗಿ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಷರಾ ಇದ್ದ ಜಾಗದಲ್ಲಿ ಬೆಲೆ ಕೂತಿದೆ. "ಎರಕದ್ದು, ನಂಬಬೇಡಿ" (ಅಂದರೆ ಅಚ್ಚಿನಿಂದ ಹೊಡೆದದ್ದಲ್ಲ, ಲೋಹ ಕರಗಿಸಿ ಹೊಯ್ದ ನಕಲಿ) ಅಂತ ನಾನು ಬರೆದಿದ್ದ ನಾಣ್ಯಗಳಿಗೂ ಬೆಲೆ ಕೂತಿದೆ!

ಒಂದು ಎಕ್ಸೆಲ್ ಶೀಟಿಗೆ ಇಷ್ಟು ರಂಪವೇ ಅನ್ನುವವರಿಗೆ ಆ ಶೀಟಿನಲ್ಲಿ ಏನಿತ್ತು ಅಂತ ಹೇಳಬೇಕು. ಟಿಪ್ಪು 1787ರಿಂದ ನಾಣ್ಯಗಳಲ್ಲಿ ಹಿಜರಿ ಬಿಟ್ಟು ಪ್ರವಾದಿ ಮುಹಮ್ಮದರ ಹುಟ್ಟಿನಿಂದ ಎಣಿಸುವ ಮೌಲೂದಿ ಲೆಕ್ಕ ಹಿಡಿದ, ಆ ಲೆಕ್ಕದ 1215ರಿಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಕೆತ್ತಿಸಿದ. ಹಾಗಾಗಿ 1218ರ ಪೈಸೆಯನ್ನು ನಾವು ಓದುವ ಹಾಗೆ ಓದಿದರೆ 8121 ಅಂತ ಕಾಣುತ್ತದೆ. 1221 ಒಂದೇ ಯಾವ ಕಡೆಯಿಂದ ಓದಿದರೂ ಬಚಾವ್. ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ ವರ್ಷಕ್ಕೊಂದು ಅರಬ್ಬಿ ಅಕ್ಷರವೂ ಇರುತ್ತದೆ: 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ. ಅಕ್ಷರಕ್ಕೂ ಇಸವಿಗೂ ತಾಳೆ ಬೀಳದಿದ್ದರೆ ಆ ನಾಣ್ಯವನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಬೇಕು. ಟಂಕಸಾಲೆಯ ಹೆಸರೂ ಸುಮ್ಮನೆ ಸಿಗುವುದಿಲ್ಲ. ಪಟ್ಟಣ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಅಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಅಂದರೆ ಗುತ್ತಿ. ಸವೆದ ಪೈಸೆಯಲ್ಲಿ ಅರ್ಧ ಹೆಸರು ಉಳಿದಿದ್ದರೆ ಅದೇ ಹೆಚ್ಚು. 1921ರಲ್ಲಿ ಮದರಾಸಿನಲ್ಲಿ ಅಚ್ಚಾದ, ಹೈದರ್-ಟಿಪ್ಪು ನಾಣ್ಯಗಳ ಮೇಲಿನ ಹೆಂಡರ್ಸನ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಬೆಳಕು ಓರೆಯಾಗಿ ಬೀಳುವ ಹಾಗೆ ನಾಣ್ಯ ತಿರುಗಿಸಿ ತಿರುಗಿಸಿ ಓದಬೇಕು.

ತೂಕ ಅಂದರೆ ಅಡುಗೆಮನೆ ಸ್ಕೇಲ್ ಅಲ್ಲ, 0.01 ಗ್ರಾಂ ತೋರಿಸುವುದು ಬೇಕು. ಟಿಪ್ಪುವಿನ ಪೈಸೆ 11 ಗ್ರಾಂ ಆಸುಪಾಸು, ಎರಡು ಪೈಸೆ ಅದರ ಇಮ್ಮಡಿ, ಮುಮ್ಮಡಿಯವರ 20 ಕಾಸು 9 ಗ್ರಾಂ ಆಸುಪಾಸು. ಸವೆತವೇ ಇಲ್ಲದೆ ತೂಕ ಮಾತ್ರ ಕಮ್ಮಿ ಬಂದರೆ ಅಂಚು ನೋಡಬೇಕು. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಸಣ್ಣ ಕೂಡುಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಮೇಲ್ಮೈಯಲ್ಲಿ ಗುಳ್ಳೆ ಒಡೆದ ಹಾಗೆ ಸೂಜಿಮೊನೆಯಷ್ಟು ಗುಳಿಗಳು. ಅಕ್ಷರದ ಅಂಚು ಮೊಂಡು.

ಇನ್ನೊಂದು ಪರೀಕ್ಷೆ ಇದೆ, ಇಲ್ಲಿ ಮುಖ್ಯವಾದದ್ದು ಅದೇ. ಒಂದೇ ಅಚ್ಚಿನಿಂದ ಹೊಡೆದ ಎರಡು ನಾಣ್ಯಗಳಲ್ಲಿ ಚಿತ್ತಾರ ಒಂದೇ ಇರಬಹುದು, ಆದರೆ ಕೈಯಿಂದ ಕೈಗೆ ಓಡಾಡುವಾಗ ಬಿದ್ದ ಗೀರು ಒಂದೇ ಇರಲು ಸಾಧ್ಯವಿಲ್ಲ. ಗೀರೂ ಒಂದೇ ಆದರೆ ಎರಡೂ ಒಂದೇ ಮೂಲದಿಂದ ಎರಕ ಹೊಯ್ದವು. ಸಿಂಹದ ಮಾದರಿಯ 20 ಕಾಸು ಎರಡು ಸಿಕ್ಕಿದ್ದವು, ಬೇರೆ ಬೇರೆ ಸದಸ್ಯರ ಡಬ್ಬಿಯಿಂದ. ಎರಡರಲ್ಲೂ ಬಾಲದ ಮೇಲ್ಗಡೆ ಅದೇ ಓರೆ ಗೀರು, ಅದೇ ಜಾಗ, ಅದೇ ಉದ್ದ. ಷರಾದಲ್ಲಿ ಅದನ್ನು ಹಾಗೇ ಬರೆದಿದ್ದೆ.

ಹೊಸ ಕ್ಯಾಟಲಾಗಿನಲ್ಲಿ ಆ ಎರಡೂ ಇವೆ. ಬೇರೆ ಬೇರೆ ಪುಟದಲ್ಲಿ, ಅಕ್ಕಪಕ್ಕ ಇಟ್ಟು ನೋಡಲಾಗದ ಹಾಗೆ. ಒಂದಕ್ಕೆ "ಅಪರೂಪ" ಅಂತ ಬೇರೆ ಸೇರಿಸಿದ್ದಾರೆ. ಫೋಟೋ ನಾನು ತೆಗೆದದ್ದೇ, ಗ್ರಾಫ್ ಹಾಳೆಯ ನೀಲಿ ಚೌಕಗಳು ಮೂಲೆಯಲ್ಲಿ ಇನ್ನೂ ಇಣುಕುತ್ತಿವೆ. ಅದನ್ನು ಕತ್ತರಿಸುವ ಸೌಜನ್ಯವೂ ಇಲ್ಲ. ಫೋನಿನಲ್ಲಿ ಆ ಚಿತ್ರ ಹಿಗ್ಗಿಸಿ, ಬಾಲದ ಮೇಲೆ ಆ ಗೀರು ನೋಡಿದ ಕೂಡಲೇ ಕಿವಿ ಬಿಸಿಯಾಯಿತು. ಷರಾ ಯಾಕೆ ಹೋಯಿತು ಅಂತ ಯಾರೂ ವಿವರಿಸಬೇಕಾಗಿರಲಿಲ್ಲ.

ಕ್ಲಬ್ ಕೈ ಬದಲಾದದ್ದು ಎಲ್ಲ ಕಡೆ ಆಗುವ ಹಾಗೇ. ಶುರು ಮಾಡಿದ ಹಿರಿಯರಿಗೆ ಕೈಲಾಗದು, ಮಕ್ಕಳಿಗೆ ಆಸಕ್ತಿ ಇಲ್ಲ. "ನಾನು ನಡೆಸಿಕೊಂಡು ಹೋಗ್ತೀನಿ" ಅಂತ ಮುಂದೆ ಬಂದವರು ವ್ಯಾಪಾರಿ. ಸಂಘ ನೋಂದಣಿ ಆಗಿರಲಿಲ್ಲ. ಇದ್ದದ್ದು ಒಂದು ಲೆಟರ್‌ಹೆಡ್, ಒಂದು ಗ್ರೂಪು, ಒಂದು ಗೂಗಲ್ ಡ್ರೈವ್. ಡ್ರೈವಿನ ಪಾಸ್‌ವರ್ಡ್ ಕೊಟ್ಟರೆ ಕ್ಲಬ್ಬನ್ನೇ ಕೊಟ್ಟಂತೆ. ಕೊಟ್ಟರು. ಮರುವಾರ ನನ್ನ ಶೀಟು ನನಗೇ "ನೋಡಲು ಮಾತ್ರ" ಆಯಿತು, ಆಮೇಲೆ ಅದೂ ಇಲ್ಲ.

ಕೇಳಿದ್ದಕ್ಕೆ ಬಂದ ಉತ್ತರಗಳು, ಅವರ ಮಾತಲ್ಲೇ:

"ಕ್ಲಬ್ಬಿಗೆ ಅಂತ ಮಾಡಿದ್ದು ತಾನೇ ಸಾರ್? ಕ್ಲಬ್ ಈಗ ನಮ್ದು."

"ಇತಿಹಾಸಕ್ಕೆ ಯಾರ್ರೀ ಓನರು?"

ಷರಾ ಯಾಕೆ ತೆಗೆದಿರಿ ಅಂದರೆ, "ಅದು ನಿಮ್ಮ ಅಭಿಪ್ರಾಯ. ಕೊಳ್ಳೋರಿಗೆ ಕನ್ಫ್ಯೂಸ್ ಆಗತ್ತೆ." ಕನ್ಫ್ಯೂಸ್! ಎರಕದ ನಾಣ್ಯಕ್ಕೆ ದುಡ್ಡು ಸುರಿಯುವವನಿಗೆ ಕನ್ಫ್ಯೂಸ್ ಆಗಬಾರದಂತೆ.

ಹೆಸರು? "ಹಾಕಿದೀವಲ್ಲ, 'ಸದಸ್ಯರ ನೆರವಿನಿಂದ' ಅಂತ." ಶೀಟು ಕೈಗೆ ಬರುವವರೆಗೆ ಮಾತಿಗೊಮ್ಮೆ ಮೇಷ್ಟ್ರೇ, ಮೇಷ್ಟ್ರೇ. ಈಗ ರೀ.

ಹೆಸರು ಹೋದರೆ ಹೋಗಲಿ. ತಲೆ ತಗ್ಗಿಸುವ ಹಾಗೆ ಮಾಡಿದ್ದು ಬೇರೆ. ಯಾರ ಬಳಿ ಯಾವ ನಾಣ್ಯ ಇದೆ ಅನ್ನುವ ಪಟ್ಟಿಯೂ ಅದೇ ಡ್ರೈವಿನಲ್ಲಿತ್ತು. ಮೈಸೂರಿನ ಹಿರಿಯರೊಬ್ಬರು ತೀರಿಕೊಂಡ ಮೇಲೆ ತಿಥಿ ಮುಗಿಯುವ ಮುಂಚೆಯೇ ಅವರ ಮನೆಗೆ ಫೋನ್: "ಯಜಮಾನ್ರ ಹತ್ರ ನಗರ್ ಟಂಕಸಾಲೆಯ ಎರಡು ಪೈಸೆ ಇತ್ತಲ್ಲಮ್ಮ, ಕೊಡೋದಿದ್ರೆ ಹೇಳಿ." ಆ ಅಮ್ಮ ನನಗೆ ಫೋನ್ ಮಾಡಿ, "ನೀವೇ ಅಲ್ವೇನಪ್ಪ ಬಂದು ಫೋಟೋ ತೆಗೊಂಡು ಹೋಗಿದ್ದು?" ಅಂದರು. ಏನು ಹೇಳಲಿ.

ಕಾನೂನಿನ ಮಾತು ಚುಟುಕಾಗಿ. ಸಂಬಳಕ್ಕಲ್ಲದೆ ಬರೆದುಕೊಟ್ಟದ್ದರ ಹಕ್ಕು ಬರೆದವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಬಾಯಿಮಾತಿನ "ಕ್ಲಬ್ಬಿಗೇ ಇರಲಿ ಬಿಡಿ" ವರ್ಗಾವಣೆ ಅಲ್ಲ. 57ನೇ ಸೆಕ್ಷನ್ನಿನಲ್ಲಿ ಹೆಸರು ಕೇಳುವ ಹಕ್ಕಿದೆ, ತಿರುಚಿ ಮಾನಕ್ಕೆ ಕುಂದು ತಂದರೆ ತಡೆಯುವ ಹಕ್ಕೂ ಇದೆ. ಆದರೆ ತಿಳಿದಿರಲಿ, 11.02 ಗ್ರಾಂ ಅನ್ನುವ ತೂಕಕ್ಕೋ 1218 ಅನ್ನುವ ಇಸವಿಗೋ ಯಾರ ಹಕ್ಕೂ ಇಲ್ಲ. ಹಕ್ಕು ಇರುವುದು ನಿಮ್ಮ ಫೋಟೋಗೆ, ನೀವು ಬರೆದ ವಾಕ್ಯಗಳಿಗೆ. ಅದಕ್ಕೇ ಕ್ಯಾಮೆರಾದಿಂದ ಬಂದ ಮೂಲ ಫೈಲುಗಳನ್ನು ಅಳಿಸಬೇಡಿ, ತಾರೀಖು ಅದರಲ್ಲೇ ಇರುತ್ತದೆ. ನೋಟೀಸು ಕಳಿಸುವುದಾದರೆ ಕೈಯಲ್ಲಿ ಹಿಡಿಯಲು ಸಾಕ್ಷಿ ಬೇಕು.

ಶೀಟನ್ನು ನಿಮ್ಮ ಖಾತೆಯಲ್ಲೇ ಇಟ್ಟುಕೊಳ್ಳಿ, ಕ್ಲಬ್ಬಿಗೆ ಪಿಡಿಎಫ್ ಕೊಡಿ. ಪುಟಪುಟಕ್ಕೂ ಹೆಸರು, ತಾರೀಖು. ಷರಾವನ್ನು ಬೇರೆ ಕಾಲಂ ಮಾಡಲೇಬೇಡಿ, ವಿವರಣೆಯ ಅದೇ ಸಾಲಿನಲ್ಲಿ ಸೇರಿಸಿ ಬರೆಯಿರಿ. ಒಂದೇ ಗುಂಡಿ ಒತ್ತಿ ಅಳಿಸಲು ಬರಬಾರದು. ನಾಣ್ಯದ ಯಜಮಾನರ ಹೆಸರಿನ ಬದಲು ಸಂಖ್ಯೆ ಹಾಕಿ. ಯಾವ ಸಂಖ್ಯೆ ಯಾರದು ಅನ್ನುವುದು ನಿಮ್ಮ ನೋಟ್‌ಬುಕ್ಕಿನಲ್ಲಿ, ಕೈಬರಹದಲ್ಲಿ ಇರಲಿ. ಯಾರೇ ಕೇಳಿದರೂ ಕೊಡಬೇಡಿ, ಅಧ್ಯಕ್ಷರು ಕೇಳಿದರೂ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗದ ಕ್ಲಬ್ ಆದರೆ ಹಸ್ತಾಂತರದ ಮಾತು ಬಂದ ದಿನವೇ ನಿಮ್ಮ ಕಡತ ವಾಪಸ್ ತೆಗೆದುಕೊಳ್ಳಿ, ಮುಲಾಜು ನೋಡಬೇಡಿ.

ಈಗ ಕೊಳ್ಳುವವರಿಗೆ. ಸಿಂಹದ 20 ಕಾಸು ಯಾವ ಹರಾಜಿನಲ್ಲಿ ಕಂಡರೂ ಬಾಲದ ಮೇಲಿನ ಜಾಗ ಹಿಗ್ಗಿಸಿ ನೋಡಿ. ಎಡಗಡೆಯಿಂದ ಮೇಲಕ್ಕೆ ಹೋಗುವ ಓರೆ ಗೀರು ಇದ್ದರೆ ಅಂಚಿನ ಫೋಟೋ ಕೇಳಿ, ನಾಲ್ಕೂ ಕಡೆಯಿಂದ, ಜೊತೆಗೆ ಸ್ಕೇಲ್ ಮೇಲಿಟ್ಟು ತೂಕದ ಫೋಟೋ. ನನ್ನ ಗೆಳೆಯರೊಬ್ಬರು ಕೇಳಿದಾಗ "ಅಂಚಿನ ಫೋಟೋ ನಮ್ಮಲ್ಲಿ ಕೊಡೋ ಪದ್ಧತಿ ಇಲ್ಲ" ಅಂದರಂತೆ. ಪದ್ಧತಿ ಇಲ್ಲದವರಿಗೆ ಮುಂಗಡ ಕಳಿಸಬೇಡಿ.